ಕೊನೆಯ ಎರಡು ಕಿಲೋಮೀಟರು ಕಾಲಿಗೇ ಇರಲಿ

ಅಘನಾಶಿನಿ, ಬೇಡ್ತಿ, ಶರಾವತಿ ಕಣಿವೆಗಳ ಹೊಣೆ ಹೊತ್ತಿರುವ ಅಧಿಕಾರಿಗಳಿಗೆ ಮತ್ತು ಜನಪ್ರತಿನಿಧಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಸವಿನಯ ವಂದನೆಗಳು. ನಾನು ಅಘನಾಶಿನಿ ಕಣಿವೆಯ ಮೇಲಂಚಿನ ಹಳ್ಳಿಯೊಂದರ ಪ್ರಾಥಮಿಕ ಶಾಲೆಯಲ್ಲಿ ಮೂವತ್ತೊಂದು ವರ್ಷ ಕಲಿಸಿ ನಿವೃತ್ತಳಾದವಳು. ಮಳೆಗಾಲ ಕಳೆದು ದಾರಿ ಒಣಗಿದ ಮೇಲೆ, ಹೆಚ್ಚಾಗಿ ಡಿಸೆಂಬರಿನಲ್ಲಿ, ಐದರಿಂದ ಏಳನೆಯ ತರಗತಿಯ ಮಕ್ಕಳನ್ನು ಕಟ್ಟಿಕೊಂಡು ಊರಿನಿಂದ ಕಮರಿಯ ಅಂಚಿನವರೆಗೆ ನಡೆದುಹೋಗುವುದು ನಮ್ಮ ಶಾಲೆಯ ವಾಡಿಕೆ. ನಿವೃತ್ತಿಯ ನಂತರವೂ ಮಕ್ಕಳ ಜೊತೆ ಹೋಗುವುದನ್ನು ನಾನು ಬಿಟ್ಟಿಲ್ಲ. ಆ ನಡಿಗೆಯ ಕೊನೆಯ ಎರಡು ಕಿಲೋಮೀಟರಿಗೆ ಒದಗಿರುವ ಗತಿಯನ್ನು ತಮ್ಮ ಮುಂದಿಡಲು ಈ ಪತ್ರ ಬರೆಯುತ್ತಿದ್ದೇನೆ.

ಸ್ಥಳದ ಹೆಸರನ್ನು ಬೇಕೆಂದೇ ಬರೆದಿಲ್ಲ. ಬರೆದರೆ ಕೆಳಹಂತದ ನೌಕರರೊಬ್ಬರಿಗೆ ನೋಟಿಸು ಹೋಗುತ್ತದೆ, ಅಲ್ಲಿಗೆ ಕಡತ ಮುಚ್ಚುತ್ತದೆ. ಯಾರ ಮೇಲೂ ಕ್ರಮವಾಗಲಿ ಎಂಬ ಆಸೆ ನನಗಿಲ್ಲ. ದಾರಿ ಉಳಿಯಬೇಕು, ಕಣಿವೆ ಉಳಿಯಬೇಕು, ಅದನ್ನು ನೋಡಲು ಬಂದವರು ಜೀವಂತವಾಗಿ ಮನೆಗೆ ಮರಳಬೇಕು. ನಮ್ಮ ಉತ್ತರ ಕನ್ನಡ ಜಿಲ್ಲೆಯ ಹತ್ತಾರು ಕಣಿವೆಯಂಚುಗಳಿಗೆ ಈ ಮಾತು ಅನ್ವಯಿಸುತ್ತದೆ ಎಂಬುದು ಓಡಾಡಿದವರಿಗೆಲ್ಲ ಗೊತ್ತಿದೆ.

ಮೊದಲು ಆ ದಾರಿ ಹೇಗಿತ್ತು ಎಂದು ಹೇಳಬೇಕು. ಊರಿನ ಕೊನೆಯ ಮನೆಯ ತೋಟ ದಾಟಿದರೆ ಸೊಪ್ಪಿನ ಬೆಟ್ಟ. ಬೆಟ್ಟ ಇಳಿದರೆ ಒಂದು ಹಳ್ಳ, ಅದಕ್ಕೆ ಅಡಿಕೆ ಮರ ಜೋಡಿಸಿದ ಕಾಲುಸಂಕ. ಸಂಕ ದಾಟಿದ ಕೂಡಲೇ ಕಾನು, ಅಂದರೆ ದಟ್ಟ ನಿತ್ಯಹಸಿರು ಕಾಡು, ಆರಂಭವಾಗುತ್ತದೆ. ಹಾಡುಹಗಲಲ್ಲೂ ಅಲ್ಲಿ ಮಬ್ಬುಗತ್ತಲೆ. ಮಾತನಾಡಬಾರದು ಎಂದು ಮಕ್ಕಳಿಗೆ ಅಲ್ಲಿ ಹೇಳುತ್ತಿದ್ದೆವು, ಏಕೆಂದರೆ ಹೊಳೆ ಕಣ್ಣಿಗೆ ಬೀಳುವ ಬಹಳ ಮೊದಲೇ ಕಿವಿಗೆ ಬೀಳುತ್ತದೆ. ಮೊದಲು ಗಾಳಿಯೋ ನೀರೋ ತಿಳಿಯದಂಥ ಒಂದು ಮೊರೆತ. ಇನ್ನಷ್ಟು ನಡೆದರೆ ಕಾಲಡಿಯ ಎಲೆಗಳು ಒದ್ದೆಯಾಗುತ್ತವೆ, ಮುಖಕ್ಕೆ ತಂಪು ತಾಗುತ್ತದೆ. ಆಮೇಲೆ ಮರಗಳು ಒಮ್ಮೆಗೇ ಮುಗಿದು ಎದುರಿಗೆ ಆಳವಾದ ಕಮರಿ, ಅದರ ತಳದಲ್ಲಿ ಬಿಳಿಯ ಗೆರೆಯಂತೆ ಹೊಳೆ. ಉಂಚಳ್ಳಿಯ ಜಲಪಾತವನ್ನು ನಮ್ಮ ಹಿರಿಯರು ಕೆಪ್ಪಜೋಗ ಎಂದು ಕರೆದದ್ದು ಕಿವಿಯಿಂದ ಹುಟ್ಟಿದ ಹೆಸರು. 116 ಮೀಟರ್ ಎತ್ತರದಿಂದ ಬೀಳುವ ನೀರಿನ ಎದುರು ಪಕ್ಕದವರ ಮಾತೂ ಕೇಳಿಸುವುದಿಲ್ಲ. ಕಾರಿನ ಗಾಜು ಏರಿಸಿಕೊಂಡು ಬಂದವರಿಗೆ ಆ ಹೆಸರಿನ ಅರ್ಥ ಹೇಗೆ ಆಗಬೇಕು?

ಈ ದಾರಿಯನ್ನು ಪ್ರವಾಸಿಗರಿಗಾಗಿ ಯಾರೂ ಮಾಡಿದ್ದಲ್ಲ. ನನ್ನ ಅತ್ತೆಯವರು ಬದುಕಿದ್ದಾಗ ಹೇಳುತ್ತಿದ್ದರು: ಅವರ ಬಾಲ್ಯದಲ್ಲಿ ಘಟ್ಟದ ಕೆಳಗಿನವರು ಇದೇ ದಾರಿಯಲ್ಲಿ ಉಪ್ಪು ಹೊತ್ತು ಮೇಲೆ ಬರುತ್ತಿದ್ದರಂತೆ, ನಮ್ಮವರು ಬೆಲ್ಲ ಹೊತ್ತು ಕೆಳಗೆ ಇಳಿಯುತ್ತಿದ್ದರಂತೆ. ಆ ಉಪ್ಪು ಇದೇ ಹೊಳೆ ಸಮುದ್ರ ಸೇರುವಲ್ಲಿನ ಸಾಣಿಕಟ್ಟೆಯ ಗದ್ದೆಗಳದ್ದು. ಮಕ್ಕಳಿಗೆ ಭೂಗೋಳ ಕಲಿಸಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಎಲ್ಲಿಯೂ ಸಿಗಲಿಲ್ಲ. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟಿದ ನೀರು ನಮ್ಮ ಕಾಲ ಕೆಳಗಿನ ಕಮರಿಯಲ್ಲಿ ಹಾದು ತದಡಿಯಲ್ಲಿ ಕಡಲು ಸೇರುವವರೆಗೆ ಅದಕ್ಕೆ ಅಡ್ಡ ಒಂದೂ ದೊಡ್ಡ ಅಣೆಕಟ್ಟೆ ಇಲ್ಲ. ಪಶ್ಚಿಮಕ್ಕೆ ಹರಿಯುವ ನಮ್ಮ ಹೊಳೆಗಳಲ್ಲಿ ಇಂಥ ಭಾಗ್ಯ ಎಷ್ಟಕ್ಕಿದೆ? ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಬಂತು. ಕಾಳಿಗೆ ಸೂಪಾದಿಂದ ಕದ್ರಾವರೆಗೆ ಸಾಲು ಅಣೆಕಟ್ಟುಗಳು. 253 ಮೀಟರಿನ ಜೋಗದಲ್ಲಿ ಇಂದು ನೀರು ಎಷ್ಟು ಬೀಳಬೇಕೆಂಬುದು ಬಹುಪಾಲು ಜಲಾಶಯದ ಮಟ್ಟ ನೋಡಿ ತೀರ್ಮಾನವಾಗುತ್ತದೆ. ಅಘನಾಶಿನಿಯಲ್ಲಿ ಅದನ್ನು ಮಳೆಯೇ ತೀರ್ಮಾನಿಸುತ್ತದೆ. ಈ ಹೊಳೆ ಕಡಲು ಸೇರುವ ಅಳಿವೆಗೆ 2024ರಲ್ಲಿ ರಾಮ್ಸಾರ್ ತಾಣದ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶದ, ಮಾನ್ಯತೆ ಸಿಕ್ಕಿತು. ಕೆಳಗಿನ ತುದಿಗೆ ಜಗತ್ತಿನ ಮಾನ್ಯತೆ ಸಿಕ್ಕ ಹೊಳೆಯ ಮೇಲಿನ ಕಣಿವೆಯನ್ನು ನಾವು ನೋಡಿಕೊಳ್ಳುತ್ತಿರುವ ರೀತಿ ಮಾತ್ರ ಆ ಮಾನ್ಯತೆಗೆ ತಕ್ಕದ್ದಾಗಿಲ್ಲ.

ಎರಡು ಬೇಸಿಗೆಗಳ ಹಿಂದೆ ಈ ಕಾಲುದಾರಿಗೆ ಜೆಸಿಬಿ ಬಂತು. ಮೂರು ಅಡಿಯ ದಾರಿ ಹದಿನೈದು ದಿನಗಳಲ್ಲಿ ವಾಹನ ಹೋಗುವಷ್ಟು ಅಗಲವಾಯಿತು. ಬೆಟ್ಟದ ಬದಿಯ ದರೆಯನ್ನು ಗೋಡೆಯಂತೆ ನೆಟ್ಟಗೆ ಕಡಿದರು. ಕಡಿದ ಮಣ್ಣನ್ನು ಹಳ್ಳದ ಬದಿಗೆ ತಳ್ಳಿದರು. ಅಂಚಿನಲ್ಲಿ ಒಂದು ಸಿಮೆಂಟಿನ ಕಟ್ಟೆ ಕಟ್ಟಿ, ಕೊಳವೆಯ ಬೇಲಿ ಹಾಕಿ, ವ್ಯೂ ಪಾಯಿಂಟ್ ಎಂಬ ಫಲಕ ನಿಲ್ಲಿಸಿದರು. ಕೆಲಸ ನಡೆಯುವಾಗ ನಾವು ಏಳೆಂಟು ಮಂದಿ ಹೋಗಿ ಕೇಳಿದೆವು. ಇದು ಊರಿನ ಅಭಿವೃದ್ಧಿಗಾಗಿ, ವಿರೋಧಿಸಬೇಡಿ ಎಂಬ ಉತ್ತರ ಸಿಕ್ಕಿತು. ಆ ಮಳೆಗಾಲದ ಮೊದಲ ದೊಡ್ಡ ಮಳೆಗೆ ದರೆ ಎರಡು ಕಡೆ ಜರಿಯಿತು. ಹಳ್ಳ ಕೆಂಪಾಯಿತು. ಆ ಹಳ್ಳದ ಕೆಳಗಿನ ಮೂರು ಮನೆಗಳಿಗೆ ಕುಡಿಯುವ ನೀರು ಬರುವುದು ಅದರ ಅಬ್ಬಿಯಿಂದ. ಜೂನಿನಿಂದ ದೀಪಾವಳಿಯವರೆಗೆ ಆ ಮನೆಯವರು ಕೊಡದ ನೀರನ್ನು ರಾತ್ರಿಯಿಡೀ ತಿಳಿಯಾಗಲು ಬಿಟ್ಟು, ಬೆಳಿಗ್ಗೆ ಬಟ್ಟೆಯಲ್ಲಿ ಸೋಸಿ ಕುಡಿದರು. ಆ ಬಟ್ಟೆಯ ಮೇಲೆ ಉಳಿದ ಕೆಂಪು ಕೆಸರನ್ನು ನಾನು ಬೆರಳಿನಿಂದ ಮುಟ್ಟಿ ನೋಡಿದ್ದೇನೆ. ಅಭಿವೃದ್ಧಿ ಎಂಬ ಮಾತು ಕೇಳಿದಾಗಲೆಲ್ಲ ನನಗೆ ಆ ಬಟ್ಟೆ ನೆನಪಾಗುತ್ತದೆ.

ನಮ್ಮ ಗುಡ್ಡಗಳನ್ನು ಬುಡದಲ್ಲಿ ಕಡಿದರೆ ಏನಾಗುತ್ತದೆ ಎಂದು ತಮಗೆ ನಾನು ತಿಳಿಸಿಕೊಡಬೇಕಾಗಿಲ್ಲ. 2021ರ ಜುಲೈ ಮಳೆಯಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು ತೋಟಗಳೇ ಹೋದವು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಜರಿದು ಚಹಾ ಅಂಗಡಿಯನ್ನೂ ಅಲ್ಲಿದ್ದ ಜನರನ್ನೂ ಗಂಗಾವಳಿಗೆ ನೂಕಿತು. ನೀರಿನಲ್ಲಿ ಮುಳುಗಿದ ಲಾರಿಯನ್ನು ಮೇಲೆತ್ತುವಾಗ ಸೆಪ್ಟೆಂಬರ್ ಕೊನೆಯ ವಾರ ಬಂದಿತ್ತು. ಮೇಲೆ ಬೇಡ್ತಿ ಎನಿಸಿಕೊಂಡು ಮಾಗೋಡಿನಲ್ಲಿ ಧುಮುಕುವ ಹೊಳೆಯೇ ಕೆಳಗೆ ಗಂಗಾವಳಿ. ಹೆದ್ದಾರಿಗೆ ಗುಡ್ಡ ಕಡಿಯುವುದು ಅನಿವಾರ್ಯವಾಗಿತ್ತು ಎಂದು ವಾದಿಸುವವರು ಇರಬಹುದು. ಕಮರಿಯ ಅಂಚಿನಲ್ಲಿ ನಿಂತು ಫೋಟೊ ತೆಗೆಯುವವರ ಕಾರಿಗಾಗಿ ಗುಡ್ಡ ಕಡಿಯಲು ಯಾವ ಅನಿವಾರ್ಯ ಇದೆ?

ಕಾಡಿನ ಲೆಕ್ಕವನ್ನೂ ಹೇಳಬೇಕು. ಈ ಕಣಿವೆಯ ಬಹುಭಾಗ 2011ರಲ್ಲಿ ಸಿಂಗಳೀಕ ಸಂರಕ್ಷಣಾ ಮೀಸಲು ಪ್ರದೇಶವಾಗಿ ಘೋಷಣೆಯಾದದ್ದು ತಮ್ಮ ಕಡತಗಳಲ್ಲೇ ಇದೆ. ಸಿಂಗಳೀಕ ನೆಲಕ್ಕಿಳಿದು ಓಡಾಡುವ ಮಂಗವಲ್ಲ. ಮರದಿಂದ ಮರಕ್ಕೆ, ಕೊಂಬೆಯಿಂದ ಕೊಂಬೆಗೆ ಅದರ ಬದುಕು. ಮೂರು ಅಡಿಯ ಕಾಲುದಾರಿಯ ಮೇಲೆ ಎರಡೂ ಬದಿಯ ಕೊಂಬೆಗಳು ಕೈ ಕೈ ಹಿಡಿದಿರುತ್ತವೆ. ಹದಿನೈದು ಅಡಿಯ ರಸ್ತೆಯ ಮೇಲೆ ಆಕಾಶ ಬಾಯಿ ತೆರೆಯುತ್ತದೆ. ನಮಗೆ ಅದು ಒಂದು ರಸ್ತೆ, ಅದಕ್ಕೆ ಅದು ದಾಟಲಾಗದ ಹೊಳೆ. ಎಷ್ಟೋ ವರ್ಷಗಳ ಹಿಂದೆ, ಆರನೆಯ ತರಗತಿಯ ಹುಡುಗಿಯೊಬ್ಬಳು ಇದೇ ದಾರಿಯಲ್ಲಿ ನನ್ನ ಸೆರಗು ಜಗ್ಗಿ, ಮಾತಾಡದೆ ಬೆರಳು ಮೇಲಕ್ಕೆ ತೋರಿಸಿದಳು. ಕಪ್ಪು ಮುಖದ ಸುತ್ತ ಬೂದುಬಣ್ಣದ ಕೇಸರ, ತಾಯಿಯ ಹೊಟ್ಟೆಗೆ ಅಂಟಿಕೊಂಡ ಮರಿ. ಒಂದು ನಿಮಿಷ ಅವು ನಮ್ಮನ್ನು ನೋಡಿದವು, ನಾವು ಅವನ್ನು ನೋಡಿದೆವು. ಆ ಹುಡುಗಿಗೆ ಈಗ ಮಗಳಿದ್ದಾಳೆ. ಕಳೆದ ಎರಡು ಡಿಸೆಂಬರುಗಳಲ್ಲಿ ನಮಗೆ ಅಲ್ಲಿ ಕಂಡದ್ದು ಹಾರ್ನ್ ಹೊಡೆಯುತ್ತ ಬರುವ ಜೀಪುಗಳು, ಹಳ್ಳದಲ್ಲಿ ತೇಲುವ ತಿಂಡಿಯ ಪೊಟ್ಟಣಗಳು, ಒಡೆದ ಬಾಟಲಿಗಳ ಚೂರು. ಬರಿಗಾಲಿನಲ್ಲಿ ಹಳ್ಳ ದಾಟಿ ಅಭ್ಯಾಸವಿದ್ದ ನಮ್ಮ ಮಕ್ಕಳಿಗೆ ಈಗ ಚಪ್ಪಲಿ ಬಿಚ್ಚಬೇಡಿ ಎಂದು ಹೇಳಬೇಕಾಗಿದೆ.

ಈಗ ನನ್ನನ್ನು ಈ ಪತ್ರ ಬರೆಯುವಂತೆ ಮಾಡಿದ ಘಟನೆಗೆ ಬರುತ್ತೇನೆ. ಆಗಸ್ಟ್ 15ರ ರಜೆಯ ಬೆನ್ನಿಗೆ ಬಂದ ಭಾನುವಾರ. ಮಳೆ ಎರಡು ದಿನ ಹೊಳವಾಗಿತ್ತು. ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯಲು ಕೊನೆಗೌಡರು, ಅಂದರೆ ಅಡಿಕೆ ಮರ ಹತ್ತಿ ಕೊನೆ ಕೊಯ್ಯುವವರು, ನಮ್ಮ ತೋಟಕ್ಕೆ ಬಂದಿದ್ದರು. ಬೆಳಗಿನಿಂದ ಅಂಚಿನ ಕಡೆಗೆ ವಾಹನಗಳು ಹೋಗುತ್ತಲೇ ಇದ್ದವು. ಮಧ್ಯಾಹ್ನ ಊಟದ ಹೊತ್ತಿಗೆ ಒಬ್ಬ ಹುಡುಗ ಓಡುತ್ತ ಬಂದು ಗೇಟು ಬಡಿದ. ಗೆಳೆಯ ಬಿದ್ದಿದ್ದಾನೆ, ಮೊಬೈಲಿಗೆ ಸಿಗ್ನಲ್ ಸಿಗುತ್ತಿಲ್ಲ ಎಂದ. ಅವನ ತುಟಿ ನಡುಗುತ್ತಿತ್ತು.

ನಾವು ಹೋದಾಗ ಬಿದ್ದವನು ಅಂಚಿನಿಂದ ಹತ್ತು ಹನ್ನೆರಡು ಅಡಿ ಕೆಳಗೆ, ಬಂಡೆಯ ಒಂದು ಚಾಚಿನ ಮೇಲಿದ್ದ. ಇಪ್ಪತ್ತೆರಡು ಇಪ್ಪತ್ಮೂರು ವಯಸ್ಸು. ಬೇಲಿ ದಾಟಿ ಹಾವಸೆ ಕಟ್ಟಿದ ಬಂಡೆಯ ಮೇಲೆ ಕಾಲಿಟ್ಟಿದ್ದಾನೆ. ಕಾಲಲ್ಲಿದ್ದದ್ದು ಮನೆಯಲ್ಲಿ ಹಾಕಿಕೊಳ್ಳುವ ರಬ್ಬರ್ ಚಪ್ಪಲಿ, ಒಂದು ಇನ್ನೂ ಮೇಲೆಯೇ ಬಿದ್ದಿತ್ತು. ಆ ಚಾಚು ಇರದಿದ್ದರೆ ಕೆಳಗೆ ಹೊಳೆಯವರೆಗೆ ತಡೆಯುವುದು ಏನೂ ಇರಲಿಲ್ಲ. ಕೊನೆಗೌಡರಲ್ಲಿ ಒಬ್ಬರು ಮರ ಹತ್ತುವ ಹಗ್ಗವನ್ನು ಹಿಂದಿನ ಮರಕ್ಕೆ ಬಿಗಿದು ಸೊಂಟಕ್ಕೆ ಸುತ್ತಿಕೊಂಡು ಇಳಿದರು. ಇನ್ನೊಬ್ಬರು ಹಗ್ಗ ಹಿಡಿದು ನಿಂತರು. ದಿನವೂ ಅರವತ್ತು ಅಡಿ ಎತ್ತರದಲ್ಲಿ ಒಂದು ಮರದಿಂದ ಇನ್ನೊಂದಕ್ಕೆ ಬಾಗಿ ಹೋಗುವ ಕೈಗಳು ಅವು. ಹುಡುಗನನ್ನು ಮೇಲೆ ತಂದಾಗ ಅವನ ಪಾದ ಹಿಮ್ಮಡಿಯ ಮೇಲೆ ತಿರುಚಿಕೊಂಡಿತ್ತು. ನೋವಿಗಿಂತ ಹೆಚ್ಚು ಅವನ ಕಣ್ಣಲ್ಲಿ ಭಯವೇ ಇತ್ತು. ಅಮ್ಮನಿಗೆ ಹೇಳಬೇಡಿ ಎಂದು ನನ್ನ ಕೈ ಹಿಡಿದು ಎರಡು ಸಲ ಹೇಳಿದ.

ಅಷ್ಟರಲ್ಲಿ ಊರಿನಲ್ಲಿ ಸಿಗ್ನಲ್ ಇರುವ ಕಡೆಯಿಂದ ಯಾರೋ ಆಂಬುಲೆನ್ಸಿಗೆ ಹೇಳಿದ್ದರು, ಅದು ಬಂದೂ ಇತ್ತು. ಆದರೆ ಅದು ನಿಂತಿದ್ದದ್ದು ಎರಡು ಕಿಲೋಮೀಟರ್ ಹಿಂದೆ, ರಸ್ತೆ ಆರಂಭವಾಗುವಲ್ಲಿ. ಹೊಸ ರಸ್ತೆಯಲ್ಲಿ ಎರಡೂ ದಿಕ್ಕಿನಿಂದ ಬಂದ ಕಾರುಗಳು ಮುಖಕ್ಕೆ ಮುಖ ಕೊಟ್ಟು ನಿಂತಿದ್ದವು. ಒಂದು ಬದಿ ಕಡಿದ ದರೆ, ಇನ್ನೊಂದು ಬದಿ ಹಳ್ಳ; ಸರಿದುಕೊಳ್ಳಲು ಜಾಗವಿಲ್ಲ. ಕೊನೆಗೆ ಕಂಬಳಿಯನ್ನು ಗಳಕ್ಕೆ ಕಟ್ಟಿ, ಅದರಲ್ಲಿ ಹುಡುಗನನ್ನು ಮಲಗಿಸಿ, ನಾಲ್ವರು ಸರದಿಯ ಮೇಲೆ ಹೊತ್ತು, ನಿಂತ ಕಾರುಗಳ ನಡುವೆ ದಾರಿ ಮಾಡಿಕೊಂಡು ನಡೆದರು. ವಾಹನಕ್ಕಾಗಿ ಮಾಡಿದ ರಸ್ತೆಯಲ್ಲಿ ಅಂದು ಪ್ರಯೋಜನಕ್ಕೆ ಬಂದ ಒಂದೇ ವಾಹನ ನಮ್ಮೂರಿನವರ ಕಾಲು.

ಮರುದಿನ ನಾನು ಒಬ್ಬಳೇ ಹೋಗಿ ಆ ಬೇಲಿಯನ್ನು ನೋಡಿದೆ. ಜಲಪಾತದ ತುಂತುರು ದಿನವಿಡೀ ಬಡಿಯುವ ಜಾಗ ಅದು. ಎರಡೇ ವರ್ಷಕ್ಕೆ ಕೊಳವೆಗಳು ತುಕ್ಕು ಹಿಡಿದು ಸಿಪ್ಪೆ ಏಳುತ್ತಿವೆ. ಮೂರನೆಯ ಕಂಬದ ಬುಡದಲ್ಲಿ ಬೋಲ್ಟೇ ಇಲ್ಲ, ಯಾರೋ ಪುಣ್ಯಾತ್ಮರು ತೆಂಗಿನ ಹಗ್ಗದಿಂದ ಬಿಗಿದಿದ್ದಾರೆ. ಕೈಯಿಂದ ಅಲ್ಲಾಡಿಸಿದರೆ ಅಲ್ಲಾಡುತ್ತದೆ. ಬೇಲಿ ಇದೆ ಎಂಬ ಧೈರ್ಯದಿಂದ ಒರಗಿ ನಿಲ್ಲುವವರಿಗೆ ಇದಕ್ಕಿಂತ ಬೇಲಿಯೇ ಇಲ್ಲದಿರುವುದು ಸುರಕ್ಷಿತ.

ಇಂಥದ್ದು ನಮ್ಮ ಕಣಿವೆಯಲ್ಲಿ ಮಾತ್ರ ನಡೆದಿಲ್ಲ. 2023ರ ಜುಲೈಯಲ್ಲಿ ಕೊಲ್ಲೂರಿನ ಬಳಿ ಅರಶಿನಗುಂಡಿ ಜಲಪಾತದ ಎದುರು ವಿಡಿಯೊಗಾಗಿ ಬಂಡೆಯ ಮೇಲೆ ನಿಂತಿದ್ದ ತರುಣ ಕಾಲು ಜಾರಿ ಬಿದ್ದದ್ದನ್ನು ನಾಡೆಲ್ಲ ಮೊಬೈಲಿನಲ್ಲಿ ನೋಡಿತು. ದಿನಗಟ್ಟಲೆ ಹುಡುಕಿದ ಮೇಲೆ ಶವ ಸಿಕ್ಕಿತು. ಕನಕಪುರದ ಕಡೆಯ ಮೇಕೆದಾಟುವಿನಲ್ಲಿ ಕಾವೇರಿ ಇಕ್ಕಟ್ಟಿನ ಬಂಡೆಗಳ ನಡುವೆ ನುಗ್ಗುತ್ತದೆ. ಸುಳಿಯಲ್ಲಿ ತಿರುಗುವ ಕಲ್ಲುಗಳು ಅಲ್ಲಿ ಬಂಡೆಯಲ್ಲಿ ಬಾವಿಯಂಥ ಗುಂಡಿಗಳನ್ನು ಕೊರೆದಿವೆ. ಮೇಲಿನಿಂದ ಶಾಂತವಾಗಿ ಕಾಣುವ ಆ ನೀರಿಗೆ ಇಳಿದು ಮರಳದವರು ಎಷ್ಟೋ ಮಂದಿ. ಪ್ರತಿ ಸಾವಿನ ನಂತರ ಒಂದು ಎಚ್ಚರಿಕೆಯ ಫಲಕ ನೆಡುತ್ತಾರೆ, ಕೆಲವು ವಾರ ಪ್ರವೇಶ ನಿಷೇಧಿಸುತ್ತಾರೆ, ಆಮೇಲೆ ಮತ್ತೆ ಹಿಂದಿನಂತೆ.

ಮಾನ್ಯರೇ, ನನಗೆ ಅನುಭವದಿಂದ ತಿಳಿದ ಒಂದು ಮಾತನ್ನು ಹೇಳುತ್ತೇನೆ. ನಡೆದು ಬಂದವರು ಹೀಗೆ ಬೀಳುವುದು ಕಡಿಮೆ. ನಲವತ್ತು ನಿಮಿಷ ಏರಿಳಿದು ಬಂದವರ ಕಾಲಿಗೆ ನೆಲದ ಗುಣ ಗೊತ್ತಾಗಿರುತ್ತದೆ. ಎಲ್ಲಿ ಜಾರುತ್ತದೆ, ಯಾವ ಕಲ್ಲು ಅಲ್ಲಾಡುತ್ತದೆ ಎಂದು ದಾರಿಯೇ ಅವರಿಗೆ ಹೇಳಿಕೊಟ್ಟಿರುತ್ತದೆ. ಉಂಬಳ ಹತ್ತಿದ್ದನ್ನು ಕಿತ್ತು, ಬೆವರು ಒರೆಸಿಕೊಂಡು, ಆ ಸದ್ದನ್ನು ದೂರದಿಂದಲೇ ಕೇಳುತ್ತ ಬಂದವರ ಮನಸ್ಸಿನಲ್ಲಿ ಅಂಚು ತಲುಪುವ ಹೊತ್ತಿಗೆ ಒಂದು ಅಂಜಿಕೆ, ಒಂದು ಗೌರವ ಹುಟ್ಟಿರುತ್ತದೆ. ಕಾರಿನಿಂದ ಇಳಿದವರಿಗೆ ಹತ್ತೇ ಹೆಜ್ಜೆಯಲ್ಲಿ ಪ್ರಪಾತ ಎದುರಾಗುತ್ತದೆ. ಅವರ ಕಾಲು ಇನ್ನೂ ಪೇಟೆಯಲ್ಲೇ ಇರುತ್ತದೆ. ಅವರನ್ನು ನಾನು ದೂರುವುದಿಲ್ಲ. ಆ ಹುಡುಗನೂ ಕೆಟ್ಟವನಲ್ಲ. ಅವನನ್ನು ರಬ್ಬರ್ ಚಪ್ಪಲಿಯಲ್ಲಿ ಅಂಚಿನವರೆಗೆ ತಂದುಬಿಟ್ಟದ್ದು ನಾವು ಮಾಡಿದ ರಸ್ತೆ. ನಡೆದು ಬರುವವರು ಹೊರುವುದೂ ಕಡಿಮೆ, ಎಸೆಯುವುದೂ ಕಡಿಮೆ. ಬಾಟಲಿಯ ಪೆಟ್ಟಿಗೆಯನ್ನು ಎರಡು ಕಿಲೋಮೀಟರ್ ಹೆಗಲ ಮೇಲೆ ಹೊತ್ತು ತರುವವರನ್ನು ನಾನು ಇಷ್ಟು ವರ್ಷಗಳಲ್ಲಿ ಕಂಡಿಲ್ಲ.

ನಡೆಯಲಾಗದವರು ಏನು ಮಾಡಬೇಕು ಎಂದು ತಾವು ಕೇಳಬಹುದು. ನ್ಯಾಯವಾದ ಪ್ರಶ್ನೆ. ನನಗೂ ಮಂಡಿನೋವಿದೆ, ಹೆಚ್ಚು ವರ್ಷ ನಾನೂ ಆ ಏರು ಹತ್ತಲಾರೆ. ಜೋಗಕ್ಕೆ ರಸ್ತೆಯಿದೆ, ಮಾಗೋಡಿಗೆ ರಸ್ತೆಯಿದೆ. ಅಂಥ ಕಡೆಗಳಲ್ಲಿ ಗಾಲಿಕುರ್ಚಿ ಹೋಗುವಂಥ ಇಳಿಜಾರು, ಕೈಹಿಡಿ, ನೆರಳು, ಶುಚಿಯಾದ ಶೌಚಾಲಯ ಇವನ್ನು ಚೆನ್ನಾಗಿ ಮಾಡಿಸಿ. ವಯಸ್ಸಾದವರೂ ಅಂಗವಿಕಲರೂ ಅಲ್ಲಿ ನೆಮ್ಮದಿಯಿಂದ ಕೂತು ನೋಡಲಿ. ಇರುವ ರಸ್ತೆಗಳನ್ನು ಎಲ್ಲರಿಗೂ ಒದಗುವಂತೆ ಮಾಡದೆ, ಹೊಸ ಹೊಸ ಅಂಚುಗಳಿಗೆ ರಸ್ತೆ ಕಡಿಯುತ್ತ ಹೋಗುವುದು ಅವರ ಹೆಸರಿನಲ್ಲಿ ನಡೆಯುವುದು ಬೇಡ. ಊರಿನವರಿಗೆ ರಸ್ತೆ ಬೇಡವೇ ಎಂದೂ ಕೇಳುತ್ತಾರೆ. ಬೇಕು. ಮನೆಗೆ ರಸ್ತೆ ಬೇಕು, ಶಾಲೆಗೆ ಬೇಕು, ಆಸ್ಪತ್ರೆಗೆ ಬೇಕು. ನಮ್ಮದೇ ಪಂಚಾಯಿತಿಯಲ್ಲಿ ಮಳೆಗಾಲದಲ್ಲಿ ಮಕ್ಕಳು ಇಂದಿಗೂ ಅಡಿಕೆ ಮರದ ಕಾಲುಸಂಕ ದಾಟಿ ಶಾಲೆಗೆ ಬರುತ್ತಾರೆ. 2022ರ ಆಗಸ್ಟಿನಲ್ಲಿ ಬೈಂದೂರು ಕಡೆ ಎರಡನೆಯ ತರಗತಿಯ ಹುಡುಗಿ ಶಾಲೆಯಿಂದ ಮರಳುವಾಗ ಕಾಲುಸಂಕದಿಂದ ಜಾರಿ ನೀರುಪಾಲಾದಳು. ಆ ಸುದ್ದಿ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ; ಅಂಥ ಸಂಕದ ಈಚೆ ದಡದಲ್ಲಿ ನಿಂತು ಒಂದೊಂದೇ ಮಗುವಿನ ಕೈ ಹಿಡಿದು ದಾಟಿಸಿದವಳು ನಾನು. ರಸ್ತೆಯ ಹಣ ಮೊದಲು ಅಲ್ಲಿಗೆ ಹೋಗಬೇಕು.

ನಮ್ಮ ಬೇಡಿಕೆಗಳಲ್ಲಿ ಮುಖ್ಯವಾದದ್ದು ಒಂದೇ. ಕಣಿವೆಯಂಚುಗಳಿಗೆ ಹೋಗುವ ಕೊನೆಯ ಎರಡು ಕಿಲೋಮೀಟರನ್ನು ಕಾಲಿಗೆ ಬಿಟ್ಟುಕೊಡಿ. ವಾಹನಗಳು ಊರಿನಂಚಿನಲ್ಲಿ ನಿಲ್ಲಲಿ. ನಿಲುಗಡೆಯ ಶುಲ್ಕವನ್ನು ಗ್ರಾಮ ಅರಣ್ಯ ಸಮಿತಿಯೋ ಪಂಚಾಯಿತಿಯೋ ವಸೂಲು ಮಾಡಲಿ, ಅದರ ಲೆಕ್ಕ ಊರಿನ ಸಭೆಯ ಮುಂದೆ ಬರಲಿ, ಆ ಹಣ ಅದೇ ದಾರಿಯ ರಿಪೇರಿಗೆ ಹೋಗಲಿ. ಈಗಾಗಲೇ ಕಡಿದಿರುವ ರಸ್ತೆಗೆ ಅಡ್ಡಗಟ್ಟೆ ಹಾಕಿ, ಜರಿದ ದರೆಗೆ ಲಾವಂಚವನ್ನೂ ಇಲ್ಲಿನದೇ ಗಿಡಗಳನ್ನೂ ನೆಟ್ಟು, ನಡುವೆ ಮೂರು ಅಡಿ ದಾರಿ ಉಳಿಸಿ ಉಳಿದದ್ದನ್ನು ಕಾನಿಗೆ ಮರಳಿಸಿ. ನಮ್ಮ ಮಳೆ ಕೆಲವೇ ವರ್ಷಗಳಲ್ಲಿ ಅದನ್ನು ಮುಚ್ಚಿಕೊಡುತ್ತದೆ. ಕಾಲುದಾರಿಗೆ ಬೇಕಾದದ್ದು ಬಹಳವಿಲ್ಲ: ಏರಿನಲ್ಲಿ ಸ್ಥಳೀಯ ಕಲ್ಲಿನ ಮೆಟ್ಟಿಲು, ಮಳೆನೀರು ದಾರಿಯನ್ನು ಕೊಚ್ಚದಂತೆ ಅಲ್ಲಲ್ಲಿ ಅಡ್ಡಗಾಲುವೆ, ಹಳ್ಳಕ್ಕೆ ಗಟ್ಟಿಯಾದ ಒಂದು ಸಂಕ. ಬೇಲಿಯನ್ನು ಅಂಚಿನಲ್ಲಿ ಹಾಕದೆ ಒಣನೆಲದಲ್ಲಿ, ಹಿಂದಕ್ಕೆ ಸರಿಸಿ ಹಾಕಿ. ಪ್ರತಿವರ್ಷ ಮೇ ತಿಂಗಳಿನಲ್ಲಿ ಪರೀಕ್ಷಿಸಿದ ದಿನಾಂಕವನ್ನು ಕಂಬದ ಮೇಲೆ ಬಣ್ಣದಲ್ಲಿ ಬರೆಸಿ.

ಮಳೆಗಾಲದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಒಂದು ಅವಘಡವಾದ ಕೂಡಲೇ ಇಡೀ ಜಿಲ್ಲೆಯ ಜಲಪಾತಗಳಿಗೆ ತಿಂಗಳುಗಟ್ಟಲೆ ನಿಷೇಧ ಹೇರುವುದರಿಂದ ಉಪಯೋಗವಿಲ್ಲ. ಜನ ಕದ್ದು ಬರುತ್ತಾರೆ. ಕದ್ದು ಬಂದವರು ಬಿದ್ದರೆ ಕೇಳುವವರೂ ಇರುವುದಿಲ್ಲ. ಅಪಾಯ ದಿನದಿಂದ ದಿನಕ್ಕೆ ಬೇರೆಯಿರುತ್ತದೆ, ಹೊಳೆಯಿಂದ ಹೊಳೆಗೂ ಬೇರೆ. ಅಣೆಕಟ್ಟಿಲ್ಲದ ಅಘನಾಶಿನಿಯಲ್ಲಿ ನಮ್ಮ ತಲೆಯ ಮೇಲೆ ಬಿಸಿಲಿದ್ದರೂ ಶಿರಸಿಯ ಕಡೆ ಸುರಿದ ಮಳೆ ಕೆಲವು ಗಂಟೆಗಳಲ್ಲಿ ಕಮರಿಗೆ ಬಂದು ನುಗ್ಗುತ್ತದೆ. ಬಂಡೆಯ ಮೇಲೆ ಕೂತು ಬುತ್ತಿ ಬಿಚ್ಚಿದವರಿಗೆ ನೀರು ಕೆಂಪಗೆ ತಿರುಗುವವರೆಗೆ ಗೊತ್ತೇ ಆಗುವುದಿಲ್ಲ. ಕಾಳಿ, ಶರಾವತಿಗಳಲ್ಲಿ ಮಳೆಯೇ ಇಲ್ಲದ ದಿನವೂ ವಿದ್ಯುತ್ತಿಗಾಗಿ ನೀರು ಬಿಟ್ಟಾಗ ಮಟ್ಟ ಏರುತ್ತದೆ. ಮೊದಲನೆಯದಕ್ಕೆ ಮೇಲಿನ ಊರುಗಳ ಮಳೆಯ ಲೆಕ್ಕ ಬೇಕು, ಎರಡನೆಯದಕ್ಕೆ ಜನ ಓಡಾಡುವ ಪ್ರತಿ ಜಾಗಕ್ಕೂ ಕೇಳುವಂಥ ಸೈರನ್ ಬೇಕು. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನಿಟ್ಟು ಅಳೆಯುವ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ನಮ್ಮಲ್ಲೇ ಇದೆ. ಆ ಅಂಕಿಗಳನ್ನು ಬೆಳಿಗ್ಗೆ ಏಳಕ್ಕೂ ಹನ್ನೊಂದಕ್ಕೂ ದಾರಿಯ ಬಾಯಲ್ಲಿ ಕೂತ ಕಾವಲುಗಾರನ ಮೊಬೈಲಿಗೆ ತಲುಪಿಸಿದರೆ ಸಾಕು. ಅಂದು ದಾರಿ ತೆರೆಯಬೇಕೋ ಮುಚ್ಚಬೇಕೋ ಅವನು ತೀರ್ಮಾನಿಸಬಲ್ಲ.

ಆ ಕಾವಲುಗಾರ ಮತ್ತು ಮಾರ್ಗದರ್ಶಿ ನಮ್ಮೂರಿನವರೇ ಆಗಿರಲಿ. ಅಂದು ಆ ಹುಡುಗನನ್ನು ಎತ್ತಿದ ಕೊನೆಗೌಡರಿಗೆ ಮರದ ಕೆಲಸ ವರ್ಷದಲ್ಲಿ ಕೆಲವೇ ತಿಂಗಳು. ಅವರಿಗೆ ಪ್ರಥಮ ಚಿಕಿತ್ಸೆಯ ತರಬೇತಿ, ಒಳ್ಳೆಯ ಹಗ್ಗ, ಒಂದು ಸ್ಟ್ರೆಚರ್, ದಿನಕ್ಕೆ ನ್ಯಾಯವಾದ ಕೂಲಿ ಕೊಟ್ಟರೆ ಅವರಿಗಿಂತ ಒಳ್ಳೆಯ ರಕ್ಷಣಾ ಪಡೆ ತಮಗೆ ಸಿಗುವುದಿಲ್ಲ. ಅಂದು ಅವರಿಗೆ ಯಾರೂ ಒಂದು ಕೃತಜ್ಞತೆಯ ಮಾತನ್ನೂ ಹೇಳಲಿಲ್ಲ ಎಂಬುದು ನನ್ನ ಮನಸ್ಸಿನಲ್ಲಿ ಇನ್ನೂ ಚುಚ್ಚುತ್ತಿದೆ. ಹೊಳೆದಂಡೆಯ ಅಪ್ಪೆಮಿಡಿ ಮರ, ಹಕ್ಕಿ, ಹಳೆಯ ಉಪ್ಪಿನ ದಾರಿ ಇವನ್ನೆಲ್ಲ ಬಂದವರಿಗೆ ತೋರಿಸಿ ಹೇಳಬಲ್ಲ ಹೆಣ್ಣುಮಕ್ಕಳೂ ಊರಿನಲ್ಲಿದ್ದಾರೆ.

ಸರ್ಕಾರ ಒಳ್ಳೆಯದು ಮಾಡಿದಾಗ ಅದನ್ನೂ ಹೇಳಬೇಕು. 2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಜನ ಮುಗಿಬಿದ್ದ ಮೇಲೆ ಚಾರಣಕ್ಕೆ ದಿನಕ್ಕೆ ಇಷ್ಟೇ ಮಂದಿ ಎಂಬ ಮಿತಿಯೂ ಆನ್‌ಲೈನ್ ಟಿಕೆಟ್ಟಿನ ವ್ಯವಸ್ಥೆಯೂ ಬಂದವು. ದೊಡ್ಡ ಬೆಟ್ಟಗಳಿಗೆ ಬಂದ ಆ ಶಿಸ್ತು ಹೆಸರಿಲ್ಲದ ಕಣಿವೆಯಂಚುಗಳಿಗೂ ಬರಲಿ. ದಿನಕ್ಕೆ ಎಷ್ಟು ಜನ ಎಂಬುದನ್ನು ಊರಿನವರ ಜೊತೆ ಕೂತು ನಿಗದಿ ಮಾಡಿ. ನೂರು ಜನರನ್ನು ತಾಳುವ ಜಾಗ ಬೇರೆ, ಇಪ್ಪತ್ತು ಜನರನ್ನು ತಾಳುವ ಜಾಗ ಬೇರೆ. ಇನ್ನು ಕೆಲವು ಜಾಗಗಳಿಗೆ ಫಲಕವನ್ನೇ ಹಾಕಬೇಡಿ, ಪ್ರವಾಸಿ ಪಟ್ಟಿಗೆ ಸೇರಿಸಬೇಡಿ. ಕತ್ತಲೆಕಾನಿನಲ್ಲಿರುವಂಥ, ರಾಂಪತ್ರೆ ಮರಗಳು ನೀರಿನಲ್ಲೇ ಬೆಳೆಯುವ ಜೌಗುಗಳು ಹೆಚ್ಚು ಕಾಲುಗಳನ್ನು ತಾಳಲಾರವು.

ಈ ಬೇಡಿಕೆಗಳನ್ನು ಲಿಖಿತವಾಗಿ ಎರಡು ಸಲ ಕೊಟ್ಟಿದ್ದೇವೆ. ಪರಿಶೀಲನೆಯಲ್ಲಿದೆ ಎಂಬ ಉತ್ತರ ಒಂದು ಸಲ ಬಂತು, ಇನ್ನೊಂದು ಸಲ ಅದೂ ಬರಲಿಲ್ಲ. ಆದ್ದರಿಂದ ಬಹಿರಂಗವಾಗಿ ಬರೆಯಬೇಕಾಯಿತು. ಕಡತದ ಮೇಲೆ ತೀರ್ಮಾನ ಬರೆಯುವ ಮೊದಲು ತಮ್ಮಲ್ಲಿ ಒಬ್ಬರಾದರೂ ಆ ದಾರಿಯಲ್ಲಿ ನಡೆದು ನೋಡಬೇಕೆಂದು ಕೋರುತ್ತೇನೆ. ಈ ವರ್ಷವೂ ಡಿಸೆಂಬರಿನ ಎರಡನೆಯ ಶನಿವಾರ ಮಕ್ಕಳು ಹೊರಡುತ್ತಾರೆ. ಬೆಳಿಗ್ಗೆ ಎಂಟಕ್ಕೆ ಶಾಲೆಯ ಅಂಗಳಕ್ಕೆ ಬನ್ನಿ. ವಾಹನವನ್ನು ಅಲ್ಲಿಯೇ ಹಲಸಿನ ಮರದ ಕೆಳಗೆ ನಿಲ್ಲಿಸಬಹುದು. ಅವಲಕ್ಕಿ, ಮಜ್ಜಿಗೆ ನಾವು ತರುತ್ತೇವೆ. ಜಾರದ ಚಪ್ಪಲಿ ಹಾಕಿಕೊಂಡು ಬನ್ನಿ; ಸಂಕದ ಆಚೆ ಮಾತನಾಡಬಾರದು ಎಂಬ ನಿಯಮ ದೊಡ್ಡವರಿಗೂ ಇದೆ.

ಇಂತಿ ತಮ್ಮ ವಿಶ್ವಾಸಿ,
ಕಣಿವೆಯಂಚಿನ ಊರಿನ ನಿವೃತ್ತ ಶಿಕ್ಷಕಿ